ಗೆಳೆಯನ ಬದಲಿಗೆ ಸೇದಿದ ಪೈಪು

ಮನುಷ್ಯ ಯಾವ ಊರಲ್ಲಿ ಹುಟ್ಟಿದನೋ ಆ ಊರಿನ ಹೆಸರುವಾಸಿ ವಸ್ತುವಿನ ಬಗ್ಗೆ ಅವನಿಗೆ ಎಲ್ಲ ಗೊತ್ತಿರುತ್ತದೆಂದು ಜನ ಯಾಕೆ ನಂಬುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಕಾಗವಾಡದ ಕಡೆಯವನೆಂದರೆ ದ್ರಾಕ್ಷಿ ಗೊಂಚಲನ್ನು ನೋಡಿಯೇ ಹುಳಿಯೋ ಸಿಹಿಯೋ ಹೇಳಬೇಕು. ಅಥಣಿಯವನೆಂದರೆ ಚಪ್ಪಲಿಯ ಚರ್ಮ ಮುಟ್ಟಿ ತಲೆದೂಗಬೇಕು. ನಾನು ನಿಪ್ಪಾಣಿಯವನು. ಹೀಗಾಗಿ ರೈಲಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗಲೂ ನನ್ನನ್ನು ತಂಬಾಕಿನ ಬಗ್ಗೆ ಕೇಳಿದವರಿದ್ದಾರೆ. ಗೊತ್ತಿಲ್ಲ ಎಂದು ನಾನು ಒಂದು ಸಲವೂ ಹೇಳಿಲ್ಲ. ಕಣ್ಣು ಸ್ವಲ್ಪ ಕಿರಿದು ಮಾಡಿ, ಅದೆಲ್ಲ ಎಲೆಯ ಗುಣದ ಮೇಲೆ ಹೋಗುತ್ತದೆ ಅನ್ನುತ್ತೇನೆ. ಈ ಮಾತಿಗೆ ಈವರೆಗೆ ಯಾರೂ ಎದುರಾಡಿಲ್ಲ. ನಿಜವಾಗಿ ನನಗಿರುವ ಜ್ಞಾನ ಇಷ್ಟೇ: ತಂಬಾಕಿನ ಹಂಗಾಮಿನಲ್ಲಿ ಊರಿಗೆ ಬಂದ ಹೊರಗಿನವರು ಸೀನುತ್ತಾರೆ, ನಾವು ಸೀನುವುದಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನಗೆ ವರ್ಷಕ್ಕೊಮ್ಮೆ ತಂಬಾಕಿನ ಕೆಡುಕಿನ ಮೇಲೆ ಭಾಷಣ ಮಾಡುವ ಕೆಲಸವನ್ನೂ ಹಚ್ಚಿದ್ದಾರೆ. ಎದುರಿಗೆ ಕೂತ ಮಕ್ಕಳಲ್ಲಿ ಅರ್ಧಕ್ಕರ್ಧ ಬೀಡಿ ಕಟ್ಟುವ ತಾಯಂದಿರ ಮಕ್ಕಳು. ಯಾವ ಕಡೆಗೆ ನಿಂತು ಮಾತಾಡಬೇಕೆಂಬ ಗೊಂದಲದಲ್ಲೇ ಭಾಷಣ ಮುಗಿದಿರುತ್ತದೆ.

ನನ್ನ ಈ ಪೊಳ್ಳು ಪಾಂಡಿತ್ಯವನ್ನು ಪೂರ್ತಿ ನಂಬಿದವನು ರಾವಸಾಹೇಬ. ಐನಾಪುರದವನು, ಚಿಕ್ಕೋಡಿ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಆಮೇಲೆ ಹಡಗಿನ ಇಂಜಿನಿಯರಾಗಿ ದೇಶ ದೇಶ ತಿರುಗಿ, ಪೈಪು ಸೇದುವುದನ್ನು ಕಲಿತು ಬಂದ. ಅವನದು ಉಳ್ಳಾಗಡ್ಡಿಯೂ ಹೊಸ್ತಿಲು ದಾಟದ ಜೈನ ಮನೆತನ. ಹೀಗಾಗಿ ರಜೆಗೆ ಬಂದಾಗ ದ್ರಾಕ್ಷಿ ತೋಟದ ಮೋಟರ್ ಶೆಡ್ಡಿನಲ್ಲಿ ಕೂತು, ಬಾಗಿಲು ಹಾಕಿಕೊಂಡು ಸೇದುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಯಾವುದೋ ಬಂದರಿನಲ್ಲಿ ಒಂದು ಸೀಲು ಮಾಡಿದ ಡಬ್ಬಿ ಕೊಂಡನಂತೆ. ಇದನ್ನು ಈಗಲೇ ತೆಗೆಯಬೇಡ, ಇಟ್ಟಷ್ಟೂ ರುಚಿ ಏರುತ್ತದೆ ಎಂದು ಅಂಗಡಿಯವನು ಹೇಳಿದ್ದನ್ನು ಇವನು ವ್ರತದಂತೆ ಪಾಲಿಸಿದ. ಅಷ್ಟರಲ್ಲಿ ಅವನ ಎದೆಯಲ್ಲಿ ಸ್ಟೆಂಟ್ ಕೂಡಿಸಿದ ಡಾಕ್ಟರರು ಹೊಗೆಯನ್ನು ಕಡ್ಡಾಯವಾಗಿ ಬಿಡಿಸಿದರು. ಡಬ್ಬಿ ಹಾಗೇ ಉಳಿಯಿತು.

ಕಳೆದ ತಿಂಗಳು ಆ ಡಬ್ಬಿಯನ್ನೂ ತನ್ನ ಪೈಪನ್ನೂ ಅರಿವೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. "ನನ್ನ ಬದಲಿ ನೀ ಸೇದು, ಮಾಸ್ತರ. ಹೆಂಗಾಗೈತಿ ಅಷ್ಟ ಹೇಳು. ನಿನ್ನ ಬಿಟ್ಟರ ಇದನ್ನ ಯಾರ ಕೈಯಾಗ ಕೊಡ್ಲಿ?" ಅಂದ. ಪೈಪು ಯಾವ ಕಡೆಯಿಂದ ಹಿಡಿಯಬೇಕೆಂಬುದೂ ತಿಳಿಯದು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕಣ್ಣು ಕಿರಿದು ಮಾಡಿ, ಮುಂದಿನ ರವಿವಾರ ಬಾ, ಎಲ್ಲ ವಿವರವಾಗಿ ಹೇಳುತ್ತೇನೆ ಅಂದುಬಿಟ್ಟೆ.

ಡಬ್ಬಿ ತೆರೆದಾಗಲೇ ಗೊಂದಲ ಶುರುವಾಯಿತು. ಒಳಗೆ ಪುಡಿ ಇರುತ್ತದೆಂದುಕೊಂಡಿದ್ದೆ. ಇದ್ದದ್ದು ಎಲೆಯನ್ನು ಒತ್ತಿ ಹಲಗೆ ಮಾಡಿ ತೆಳ್ಳಗೆ ಕೊಯ್ದ ಪಟ್ಟಿಗಳು, ಹಳೇ ಬೆಲ್ಟು ಕತ್ತರಿಸಿ ಪೇರಿಸಿಟ್ಟ ಹಾಗೆ. ಮೇಲೆಲ್ಲ ಬಿಳೀ ಕಣ. ಹೆಂಡತಿ ನಿರ್ಮಲಾ ಇಣುಕಿ ನೋಡಿ, ನನ್ನ ಉಪ್ಪಿನಕಾಯಿ ಹೀಗಾಗಿದ್ದರೆ ಭರಣಿ ಸಮೇತ ಹೊರಗೆ ಇಡುತ್ತಿದ್ದೆ ಅಂದಳು. ಮೊಬೈಲಿನಲ್ಲಿ ಹುಡುಕಿದೆ. ಒಬ್ಬ ಅದು ಬೂಷ್ಟು ಅಂದ, ಇನ್ನೊಬ್ಬ ಎಲೆಯೊಳಗಿನ ಸಕ್ಕರೆ ಹೊರಬಂದದ್ದು ಅಂದ, ಮೂರನೆಯವನು ನನಗೆ ಬೂಟು ಮಾರಲು ನೋಡಿದ. ರಾವಸಾಹೇಬನನ್ನೇ ಕೇಳೋಣವೆಂದರೆ, ಬೂಷ್ಟು ಎಂಬ ಶಬ್ದ ಕೇಳಿ ಅವನ ಸ್ಟೆಂಟಿಗೆ ಏನಾದರೂ ಆದೀತೆಂಬ ಭಯ. ಅವನೋ ವಾಟ್ಸಾಪಿನಲ್ಲಿ ಧ್ವನಿ ಸಂದೇಶಗಳ ಮೇಲೆ ಸಂದೇಶ ಕಳಿಸಿ ಕ್ರಮ ವಿವರಿಸಿದ. ಪಟ್ಟಿಯನ್ನು ಅಂಗೈಯಲ್ಲಿ ಉಜ್ಜಬೇಕು, ತುಸು ಆರಿಸಬೇಕು, ಕೆಳಗೆ ಸಡಿಲ ಮೇಲೆ ಬಿಗಿ ತುಂಬಬೇಕು, ಚಹಾ ಗುಟುಕರಿಸಿದಂತೆ ಎಳೆಯಬೇಕು. ಮೊದಲು ಒಣದ್ರಾಕ್ಷಿ, ನಡುವೆ ಒಣಹುಲ್ಲಿನ ಪರಿಮಳ ಸಿಗಬೇಕು, ಕಡೆಯ ದಮ್ಮಿನದನ್ನು ನೀನೇ ಹೇಳಬೇಕು.

ಶುಕ್ರವಾರ ಸಂಜೆ ಮಾಳಿಗೆ ಮೇಲೆ, ವಿದ್ಯಾರ್ಥಿಗಳ ಕಣ್ಣಿಗೆ ಬೀಳದಂತೆ ನೀರಿನ ಟಾಕಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಪೈಪು ಹಚ್ಚಿದೆ. ಹಚ್ಚಿದೆ, ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕಡ್ಡಿಪೆಟ್ಟಿಗೆ ಖಾಲಿಯಾಗುವ ಹೊತ್ತಿಗೆ ಒಂದು ದಮ್ಮು ಒಳಗೆ ಹೋಯಿತು. ನಾಲಿಗೆ ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು, ಟಾಕಿ ಒಂದು ಸುತ್ತು ತಿರುಗಿದಂತಾಯಿತು. ಒಣದ್ರಾಕ್ಷಿ ಎಲ್ಲಿ, ಒಣಹುಲ್ಲು ಎಲ್ಲಿ? ನನಗೆ ಸಿಕ್ಕಿದ್ದು ಬರೀ ಸುಟ್ಟ ಕಡ್ಡಿಯ ರುಚಿ. ಮಾಲು ಹಸಿಯಿರಬೇಕು, ತಪ್ಪು ನನ್ನದಲ್ಲ ಎಂದು ತೀರ್ಮಾನಿಸಿ, ಶನಿವಾರ ಬೆಳಿಗ್ಗೆ ಉಳಿದ ಪಟ್ಟಿಗಳನ್ನೆಲ್ಲ ಅಂಗಳದಲ್ಲಿ ಪೇಪರಿನ ಮೇಲೆ ಬಿಸಿಲಿಗೆ ಹರವಿ ಶಾಲೆಗೆ ಹೋದೆ.

ಮಧ್ಯಾಹ್ನ ಮರಳಿ ಬಂದಾಗ ಓಣಿಯ ತಿರುವಿನಲ್ಲೇ ಒಂದು ಪರಿಮಳ ಎದುರಾಯಿತು. ಎಂಥ ಪರಿಮಳವೆಂದು ಹೇಳಲು ನನ್ನಿಂದಾಗದು, ಆದರೆ ಉಳಿದ ದಾರಿಯನ್ನು ಓಡಿಯೇ ಮುಗಿಸಿದೆ. ಒಳಗೆ ಇಂದ್ರಾ ಅತ್ಯಾ ಒಲೆಯ ಮುಂದಿದ್ದಳು. ಅತ್ಯಾ ನಮ್ಮ ತಂದೆಯ ತಂಗಿ. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಾಳೆ. ತಂಬಾಕಿನ ಗೋದಾಮಿಗೆ ನಮ್ಮಲ್ಲಿ ವಖಾರಿ ಅನ್ನುತ್ತಾರೆ. ಅಲ್ಲಿ ಮೂವತ್ತು ವರ್ಷ ಎಲೆ ಹಸನು ಮಾಡಿದ ಕೈ ಅವಳದು. ಅಲ್ಲಿಂದ ಅವಳಿಗೆ ಅಂಟಿದ ಚಟವೆಂದರೆ ಮಶೇರಿ, ಅಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಮನೆಯ ಅಂಗಳದಲ್ಲಿ ತಂಬಾಕು ಒಣಗಿದರೆ ಅದು ತನ್ನ ಮಶೇರಿಗೇ ಎಂಬುದರಲ್ಲಿ ಅವಳಿಗೆ ಅನುಮಾನ ಬರುವ ಕಾರಣವೇ ಇರಲಿಲ್ಲ. ಈ ಮನೆಯಲ್ಲಿ ಮತ್ತೆ ಯಾರಿಗಾಗಿ ತಂಬಾಕು ಒಣಗೀತು? ಅಣ್ಣನ ಮಗ ಇಷ್ಟು ವರ್ಷಕ್ಕೆ ನನ್ನ ನೆನಸಿ ಏನಾದರೂ ತಂದನಲ್ಲ ಎಂದು ನಿರ್ಮಲಾಳ ಮುಂದೆ ಕಣ್ಣು ಒರೆಸಿಕೊಂಡಿದ್ದಳಂತೆ. ಹದಿನಾಲ್ಕು ವರ್ಷದ ವ್ರತವೆಲ್ಲ ಒರಳಿನಲ್ಲಿ ಪುಡಿಯಾಗಿ, ಒಂದು ಸಣ್ಣ ತಗಡಿನ ಡಬ್ಬಿ ಸೇರಿತ್ತು.

ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಸಂತೋಷ ನೋಡಿ ಎರಡೂ ಆಗಲಿಲ್ಲ. ಹೇಗಿದೆ ಅತ್ಯಾ ಎಂದು ಕೇಳಿದೆ, ಸುಮ್ಮನೆ. ಅವಳು ಶುರು ಮಾಡಿದಳು. ಹಂಚಿನ ಮೇಲೆ ಹಾಕಿದೊಡನೆ ಒಣದ್ರಾಕ್ಷಿಯ ವಾಸನೆ ಬಂತಂತೆ, ಆಮೇಲೆ ಬಣವೆಯ ಹುಲ್ಲಿನದು. ಬೆಲ್ಲ ಬೆರೆಸಿಲ್ಲ, ಸಿಹಿ ಎಲೆಯದೇ. ಮೇಲಿನ ಬಿಳೀ ಕಣ ನಾಲಿಗೆಗೆ ಇಟ್ಟು ನೋಡಿದ್ದಳು, ಬೂಷ್ಟಲ್ಲ. ನಾನು ಚೀಲದಿಂದ ಒಂದು ಹಳೇ ಪ್ರಶ್ನೆಪತ್ರಿಕೆ ತೆಗೆದು ಅದರ ಬೆನ್ನ ಮೇಲೆ ಒಂದಕ್ಷರ ಬಿಡದೆ ಬರೆದುಕೊಂಡೆ.

ರವಿವಾರ ರಾವಸಾಹೇಬ ಇಸ್ತ್ರಿ ಅಂಗಿ ತೊಟ್ಟು ಬಂದ, ಹೆಣ್ಣು ನೋಡಲು ಬಂದವನ ಗಾಂಭೀರ್ಯದಲ್ಲಿ. ನಾನು ಕಣ್ಣು ಕಿರಿದು ಮಾಡಿ ಬಾಯಿಪಾಠ ಒಪ್ಪಿಸಿದೆ. ಒಣದ್ರಾಕ್ಷಿ ಅಂದಾಗ ಅವನು ಕಣ್ಣು ಮುಚ್ಚಿದ. ಬಣವೆ ಅಂದಾಗ ಮುಚ್ಚಿದ ಕಣ್ಣಿನ ಅಂಚು ಒದ್ದೆಯಾಯಿತು. ಹುರುಪಿನಲ್ಲಿ ನಾನು ನನ್ನದೂ ಒಂದು ಸೇರಿಸಿದೆ, ಸರಿಯಾದ ಹದಕ್ಕೆ ಬಂದಿದೆ, ಒಂದು ದಿನ ಹೆಚ್ಚಿಲ್ಲ ಒಂದು ದಿನ ಕಡಿಮೆಯಿಲ್ಲ ಎಂದು. ಅವನು ನಿಟ್ಟುಸಿರು ಬಿಟ್ಟು, ಕಡೆಯ ದಮ್ಮಿನಲ್ಲಿ ಏನು ಸಿಕ್ಕಿತೆಂದು ಕೇಳಿದ. ಪ್ರಶ್ನೆಪತ್ರಿಕೆಯಲ್ಲಿ ಕಡೆಯ ದಮ್ಮಿನ ಬಗ್ಗೆ ಏನೂ ಇರಲಿಲ್ಲ. ನಾನು ಅಡಿಗೆಮನೆಯ ಕಡೆ ನೋಡಿದೆ. ಚಹಾ ತಂದ ಅತ್ಯಾ, ಬಂದವರು ಯಾವ ತಂಬಾಕಿನ ಮಾತಾಡುತ್ತಿದ್ದಾರೆಂದು ತಿಳಿದು, ಸೊಂಟದಿಂದ ತಗಡಿನ ಡಬ್ಬಿ ತೆಗೆದು ಅವನ ಮುಂದಿಟ್ಟಳು.

ಉಳಿದದ್ದನ್ನು ನಾನೇ ಹೇಳಬೇಕಾಯಿತು. ಹೇಳುವಾಗ ಅವನ ಮುಖ ನೋಡುವ ಧೈರ್ಯ ಆಗಲಿಲ್ಲ. ರಾವಸಾಹೇಬ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ತನ್ನ ಕುರ್ಚಿಯನ್ನು ನನ್ನಿಂದ ತಿರುಗಿಸಿ ಅತ್ಯಾನ ಕಡೆ ಎಳೆದುಕೊಂಡ.

"ಅತ್ಯಾರ, ಹದಿನಾಲ್ಕ ವರ್ಷ ಇಟ್ಟಿದ್ನಿರಿ. ಇಟ್ಟಿದ್ದು ಚಲೋ ಆತೇನ್ರಿ?"

"ಖರೆ ಹೇಳ್ಲೇನಪಾ?" ಅಂದಳು ಅತ್ಯಾ. "ಎರಡ ವರ್ಷ ಮೊದಲ ತಗೀಬೇಕಿತ್ತು. ಸಿಹಿ ಉಳದೈತಿ, ಖಾರ ಹೋಗೈತಿ. ಎಲಿ ಬೆರಳಿಗೆ ಅಂಟಬೇಕ, ಇದು ಅಂಟಲಿಲ್ಲ."

ನಾನು ಚಹಾದ ಕಪ್ಪಿನೊಳಗೆ ನೋಡುತ್ತ ಕೂತೆ. ರಾವಸಾಹೇಬ ಒಮ್ಮೆ ತಲೆ ಅಲ್ಲಾಡಿಸಿದ. "ಎರಡ ವರ್ಷದ ಹಿಂದ ಮಗಳ ಮದುವಿ ದಿನ ಇದನ್ನ ಕೈಯಾಗ ಹಿಡಿದಿದ್ನಿರಿ. ಇನ್ನೊಂದ ವರ್ಷ ಹದಾಗ್ಲಿ ಅಂತ ತಿರಗಿ ಇಟ್ಟೆ. ಮುಂದ ನಾಕ ತಿಂಗಳಿಗೆ ಡಾಕ್ಟರ ಬಿಡಿಸಿದ್ರು." ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ನಗು ಬಂತು. ಅತ್ಯಾನೂ ನಕ್ಕಳು. ಇಬ್ಬರೂ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು, ಅದರಲ್ಲಿ ನಗು ಎಷ್ಟು, ಉಳಿದದ್ದು ಎಷ್ಟು ಎಂದು ನನಗೆ ತಿಳಿಯಲಿಲ್ಲ.

ಕಡೆಗೆ ಅವನು ನನ್ನ ಕಡೆ ತಿರುಗಿ, "ಮಾಸ್ತರ, ನೀ ಏನಂತಿ?" ಅಂದ. ನನಗೂ ಹಾಗೇ ಅನಿಸಿತ್ತು, ನಿನ್ನ ಮನಸ್ಸಿಗೆ ಬೇಜಾರಾದೀತೆಂದು ಹೇಳಿರಲಿಲ್ಲ ಅಂದೆ. ಅವರಿಬ್ಬರೂ ಅದನ್ನು ನಂಬಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಹೇಳುವ ಆ ಗಳಿಗೆಯಲ್ಲಿ ನಾನು ಮಾತ್ರ ಪೂರ್ತಿ ನಂಬಿದ್ದೆ.