ಅರಿವೆಯ ಕೆಳಗೆ ಅವ್ವನ ಬೆರಳು

ನನ್ನ ಹಳೆಯ ದಿನಚರಿಯಲ್ಲಿ ಮಾಘ ಶುದ್ಧ ಪಂಚಮಿಯ ದಿನ ಇಷ್ಟೇ ಬರೆದಿದೆ: "ಇವತ್ತು ಅವ್ವ ಪೇಟೆಗೆ ಹೋದಳು. ಪೇಟೆ ಇನ್ನೂ ಚೇತರಿಸಿಕೊಂಡಿಲ್ಲ." ಅವ್ವ ಕಾಲಿಟ್ಟಲ್ಲೆಲ್ಲ ಇಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ತೊಂಬತ್ತರ ಹತ್ತಿರ ಬಂದಾಗಲೂ ಆಕೆ ಸುಮ್ಮನೆ ಕೂತದ್ದನ್ನು ನನ್ನ ಮಕ್ಕಳು ನೋಡಲಿಲ್ಲ. ಅಜ್ಜಿ ಮೊದಲಿಂದಲೂ ಹೀಗೇನಾ ಎಂದು ಕೇಳುತ್ತಿದ್ದರು. ಮೊದಲಿಂದಲೂ ಹೀಗೇ. ಸಂಸ್ಥಾನದ ಕಾಲದ ಒಂದೇ ಒಂದು ಸುಗ್ಗಿ ಹಂಗಾಮಿನ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

೧. ಬೆಕ್ಕಿನ ಮಧ್ಯಸ್ಥಿಕೆ

ಸಾಂಗ್ಲಿಯಲ್ಲಿ ನಮ್ಮದು ಅರಿಶಿನದ ಅಂಗಡಿ. ಆ ಚಳಿಗಾಲ ಅಪ್ಪ ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯಿಂದ ಬಿದ್ದು ಕಾಲು ಮುರಿದುಕೊಂಡು ಮಿರಜದ ದವಾಖಾನೆ ಸೇರಿದರು. ಮಳೆಗಾಲದವರೆಗೆ ನೆಲಕ್ಕೆ ಕಾಲೂರುವಂತಿರಲಿಲ್ಲ. ಅಂದು ಸಂಜೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ತೂಗುಮಣೆಯ ಮೇಲೆ ಕೂತು ತೀರ್ಪು ಕೊಟ್ಟರು. ಅಂಗಡಿ ಮುಚ್ಚುವುದು. ಕಾಲೇಜಿನ ಮೊದಲ ವರ್ಷದಲ್ಲಿದ್ದ ನನ್ನನ್ನು ಬಿಡಿಸಿ ವೈಶಾಖದಲ್ಲಿ ಲಗ್ನ ಮಾಡುವುದು.

ಕಿರಿಯ ಸೊಸೆ ಭಾವನ ಎದುರು ಬಾಯಿ ಬಿಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಹೇಳಲೇಬೇಕಾದದ್ದನ್ನು ಅವ್ವ ಬಾಗಿಲ ಹಿಂದೆ ನಿಂತು ಗೋಡೆಗೋ ಬೆಕ್ಕಿಗೋ ಹೇಳುತ್ತಿದ್ದಳು. ಅಂದು ಬೆಕ್ಕಿಗೆ ಹೇಳಿದಳು.

"ನಾಳೆ ಅಂಗಡಿ ನಾ ತೆರಿತೀನಿ ಅಂತ ಹೇಳವ್ವಾ. ಹುಡುಗಿ ಕಾಲೇಜಿಗೆ ಹೊಕ್ಕಾಳ ಅಂತಾನೂ ಹೇಳು."

ಬೆಕ್ಕು ದೊಡ್ಡಪ್ಪನ ಮುಖ ನೋಡಿತು. ಅವರೂ ಬೆಕ್ಕಿಗೇ ಹೇಳಿದರು. "ಹೆಂಗಸರು ಪ್ಯಾಟಿಗೆ ಹೋದ್ರ ಮಂದಿ ನಗತಾರಂತ ಹೇಳು."

ಬೆಕ್ಕು ಎದ್ದು ಹೊರಗೆ ಹೋಯಿತು. ಮರುದಿನ ಬೆಳಿಗ್ಗೆ ಅವ್ವನೂ ಹೋದಳು.

೨. ನಡುವೆ ಕೂತವಳು

ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ದಲಾಲ ಮತ್ತು ಸಾವುಕಾರ ಒಂದು ಅರಿವೆಯ, ಅಂದರೆ ಬಟ್ಟೆಯ, ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಅರಿವೆ ಅಲ್ಲಾಡುವುದು ಮಾತ್ರ. ಅವ್ವ ಹೋಗಿ ಅರಿಶಿನದ ರಾಶಿಯ ಪಕ್ಕ ಕೂತಾಗ ನಮ್ಮ ದಲಾಲ ಅರಿವೆಯನ್ನು ಕೈಯಲ್ಲಿ ಹಿಡಿದುಕೊಂಡು ಬೆವರಿದ. ಪರರ ಹೆಣ್ಣುಮಗಳ ಕೈ ಹಿಡಿಯುವುದು ಹೇಗೆ? ಬಾಯಿಂದ ಹೇಳಿದರೆ ಗುಟ್ಟು ಉಳಿಯುವುದು ಹೇಗೆ?

ಅವ್ವ ಅವನನ್ನು ಕೇಳಿದಳಂತೆ. "ನಿಮ್ಮ ಮನಿಯವರ ಕೈ ಹಿಡಿಯಾಕ ನಿಮಗೇನೂ ತ್ರಾಸ ಇಲ್ಲಲ್ರಿ?"

ಮರುದಿನ ದಲಾಲನ ಹೆಂಡತಿ ಬಂದು ನಡುವೆ ಕೂತಳು. ಒಂದು ಅರಿವೆಯ ಕೆಳಗೆ ಆಕೆಯ ಬಲಗೈ ಗಂಡನ ಕೈಯಲ್ಲಿ, ಇನ್ನೊಂದರ ಕೆಳಗೆ ಎಡಗೈ ಅವ್ವನ ಕೈಯಲ್ಲಿ. ಆತ ಒತ್ತಿದ್ದನ್ನು ಈಕೆ ಅವ್ವನಿಗೆ ಒತ್ತುವಳು, ಅವ್ವ ಒತ್ತಿದ್ದನ್ನು ಆತನಿಗೆ. ಎರಡೇ ವಾರದಲ್ಲಿ ಆಕೆಗೆ ಪೇಟೆಯ ಧಾರಣೆಯೆಲ್ಲ ಬಾಯಿಪಾಠ. ಗಂಡನ ದಲಾಲಿ ಎಷ್ಟು, ಅದರಲ್ಲಿ ಮನೆ ಮುಟ್ಟುವುದೆಷ್ಟು ಎಂಬುದೂ ತಿಳಿದುಹೋಯಿತು.

ದಲಾಲ ಮಿರಜಕ್ಕೆ ಓಡಿ ಅಪ್ಪನ ಹಾಸಿಗೆಯ ಪಕ್ಕ ನಿಂತು ಅಂದನಂತೆ. "ಸಾವುಕಾರ್ರ, ಲಗೂನ ಆರಾಮ ಆಗ್ರಿ. ನಿಮ್ಮ ಕಾಲು ಮುರದದ್ದಕ್ಕ ನನ್ನ ಸಂಸಾರ ಕುಂಟಾಕ ಹತ್ತೇತಿ."

೩. ನಾಕಾದ ತುಪ್ಪ

ಅಪ್ಪನಿಗೆ ಬುತ್ತಿ ಒಯ್ಯುವ ಕೆಲಸವೂ ಅವ್ವನದೇ. ಸಾಂಗ್ಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ಟಾಂಗಾದಲ್ಲಿ ತಾಸಿನ ಹಾದಿ, ಆದರೂ ನಡುವೆ ಸುಂಕ ವಸೂಲಿಯ ಜಕಾತಿ ನಾಕಾ. ಒಂದು ದಿನ ಅಲ್ಲಿಯ ಶಿಪಾಯಿ ತುಪ್ಪದ ಗಡಿಗೆಗೆ ಕೈ ಹಚ್ಚಿ, ಪರಸಂಸ್ಥಾನದ ತುಪ್ಪಕ್ಕೆ ಜಕಾತಿ ಬೀಳುತ್ತದೆ, ಬುತ್ತಿಯ ರೊಟ್ಟಿಗೆ ಮಾತ್ರ ಮಾಫಿ ಎಂದ.

ಅವ್ವ ವಾದಕ್ಕೆ ಹೋಗಲಿಲ್ಲ. ಟಾಂಗಾದಿಂದ ಇಳಿದು, ನಾಕಾದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ಗಡಿಗೆ ಖಾಲಿಯಾಗುವ ತನಕ ಒಂದೊಂದೇ ರೊಟ್ಟಿಗೆ ತುಪ್ಪ ಸವರಿದಳು. ಈಗ ಎಲ್ಲ ರೊಟ್ಟಿಯೇ ಆಯಿತಲ್ಲ ಎಂದು ಒಂದನ್ನು ಅವನ ಕೈಗೂ ಇಟ್ಟಳು.

ಮರುದಿನ ನಾನು ಜೊತೆಗಿದ್ದೆ. ಶಿಪಾಯಿ ಗಡಿಗೆಯನ್ನು ನೋಡಲೇ ಇಲ್ಲ. "ಅವ್ವಾರ, ಇವತ್ತ ಸವರೂದಿಲ್ಲೇನ್ರಿ?" ಎಂದು ಕೇಳಿದ.

೪. ಮೂರು ಬೆರಳು

ಹಂಗಾಮು ಮುಗಿಯುವಾಗ ಅಂಗಡಿ ನೆಟ್ಟಗೆ ನಿಂತಿತ್ತು. ಆದರೆ ವೈಶಾಖ ಹತ್ತಿರ ಬಂದಿತ್ತು, ದೊಡ್ಡಪ್ಪ ಮಾತು ಮರೆತಿರಲಿಲ್ಲ. ಅಷ್ಟರಲ್ಲಿ ದಲಾಲನ ಹೆಂಡತಿಯೇ ತನ್ನ ಮಗನಿಗೆ ನನ್ನನ್ನು ಕೇಳಿಕೊಂಡು ಬಂದಳು. ಹುಡುಗನ ಬಗ್ಗೆ ನನ್ನ ತಕರಾರು ಇರಲಿಲ್ಲ. ವೈಶಾಖದ ಬಗ್ಗೆ ಇತ್ತು. ಬಿ.ಎ. ಮುಗಿಯಲು ಇನ್ನೂ ಮೂರು ವರ್ಷ.

ಮಾತುಕತೆಯ ದಿನ ದೊಡ್ಡಪ್ಪ ತೂಗುಮಣೆಯ ಮೇಲೆ, ದಲಾಲ ಜಮಖಾನೆಯ ಮೇಲೆ, ಪಕ್ಕಕ್ಕೆ ಆತನ ಹೆಂಡತಿ, ಆಕೆಯ ಪಕ್ಕ ಬಾಗಿಲ ಮರೆಯಲ್ಲಿ ಅವ್ವ. ಅವ್ವನ ಹಿಂದೆ ನಾನು, ಎಲೆಅಡಿಕೆಯ ತಟ್ಟೆ ಹಿಡಿದು. ದೊಡ್ಡಪ್ಪ ಮನೆತನದ ಹಿರಿಮೆ ಹೇಳುತ್ತಿದ್ದಾಗ ಅವ್ವ ಆಕೆಯ ಕಿವಿಯಲ್ಲಿ, ಲಗ್ನ ಇನ್ನೆಷ್ಟು ವರ್ಷದ ಮೇಲೆ ಎಂದಷ್ಟೇ ಕೇಳಿದಳು. ಆಮೇಲೆ ಸೆರಗಿನ ಕೆಳಗೆ ಇಬ್ಬರ ಕೈಯೂ ಹೋಯಿತು. ಒಳಗಿನ ಲೆಕ್ಕ ಅವ್ವ ನನಗೆ ಆಮೇಲೆ ಹೇಳಿದ್ದು.

ಅವ್ವ ಮೂರು ಬೆರಳು ಒತ್ತಿದಳು. ಆಕೆ ಒಂದು. ಅವ್ವ ಮತ್ತೆ ಮೂರು. ಆಕೆ ಎರಡು. ಸೆರಗಿನ ಕೆಳಗೆ ಬೆಕ್ಕಿನ ಮರಿ ಹೊಕ್ಕಂತೆ ಕಾಣುತ್ತಿತ್ತು. ಅವ್ವ ಮೂರು ಬಿಡಲಿಲ್ಲ. ಕಡೆಗೆ ಆಕೆಯ ಬೆರಳು ಅವ್ವನ ಕೈಯ ಬಂಗಾರದ ಬಳೆ, ಪಾಟ್ಲಿಯನ್ನು ಮುಟ್ಟಿ ಸರಿಸಿತು. ಅವ್ವ ಪಾಟ್ಲಿ ಕಳಚಿ ಆಕೆಯ ಅಂಗೈಗೆ ಒತ್ತಿದಳು. ಆಕೆ ಮೂರು ಬೆರಳು ಒತ್ತಿ, ಇನ್ನೊಂದು ಕೈಯನ್ನು ಗಂಡನ ಶಲ್ಯದ ಕೆಳಗೆ ತೂರಿಸಿದಳು.

ದಲಾಲ ಕೆಮ್ಮಿದ. "ಮೂರು ವರ್ಷ ತಡೀರಿ ಅಂತ ಕೇಳಬೇಕಂತಿದ್ದೆ, ಸಾವುಕಾರ್ರ. ಆದ್ರ ಓದೂ ಹುಡುಗಿನ್ನ ಅಷ್ಟು ದಿವಸ ಸಾಕೂದು ನಿಮಗ ಭಾರ ಆದೀತು. ಬ್ಯಾಡ ಬಿಡ್ರಿ."

ತೂಗುಮಣೆ ನಿಂತಿತು. "ಭಾರ? ನಮಗ? ಮೂರು ವರ್ಷ ಓದತಾಳ. ಒಂದು ದಿವಸ ಮೊದಲ ಲಗ್ನ ಅಂದ್ರ ನಾ ಒಪ್ಪಂಗಿಲ್ಲ."

ಆ ಮೂರು ವರ್ಷ ಅವ್ವನ ಬಲಗೈಯಲ್ಲಿ ಬರೀ ಹಸಿರು ಗಾಜಿನ ಬಳೆ. ನಾನು ಬಿ.ಎ. ಆದೆ. ಲಗ್ನದ ದಿನ ಅತ್ತೆ ಅದೇ ಪಾಟ್ಲಿಯನ್ನು ನನ್ನ ಕೈಗೆ ಹಾಕಿದರು. ಅವ್ವ ತಡೆಯಲಾರದೆ ಕೇಳಿಯೇಬಿಟ್ಟಳು. "ಬೀಗತೇರ, ಪಾಟ್ಲಿ ಕೊಡದಿದ್ರ ಎರಡಕ್ಕ ನಿಲ್ಲಸ್ತಿದ್ರೇನ್ರಿ?"

"ಪಾಟ್ಲಿ ಯಾರು ಕೇಳಿದ್ರು? ಕೈಗೆ ಚುಚ್ಚತಿತ್ತು, ಸರಿಸಿದೆ," ಎಂದರು ಅತ್ತೆ. "ನೀವ ಬಿಚ್ಚಿ ಕೊಟ್ರಿ. ವ್ಯಾಪಾರದಾಗ ಬಂದದ್ದನ್ನ ಬ್ಯಾಡ ಅನಬಾರದಂತ ಕಲಿಸಿದವರೂ ನೀವ."

ಹೀಗೆ, ನನ್ನ ಬಿ.ಎ. ಪದವಿಗೆ ಕೊನೆಗೆ ತಗುಲಿದ ಖರ್ಚು ಒಂದು ಪಾಟ್ಲಿ. ಅದೂ ಯಾರೂ ಕೇಳದ್ದು.