ನೀವು ಮೊದಲು ಹೋಗಿ

ಬೆಳಿಗ್ಗೆ ಎಂಟೂ ಹತ್ತಕ್ಕೆ ತೋಫು ಅಂಗಡಿಯ ಮೂಲೆಯಿಂದ ಮುಖ್ಯರಸ್ತೆಗೆ ಮಿನೆಗಿಶಿ ಕಾರು ತಿರುಗಿಸಿದ್ದೇ ತಡ, ರಸ್ತೆಬದಿಯ ತಂಪುಪಾನೀಯ ಮಾರುವ ಯಂತ್ರದ ಹಿಂದಿನಿಂದ ಪೊಲೀಸ್ ಕುಸಾಕಾಬೆ ಪ್ರತ್ಯಕ್ಷನಾದ.

"'ನಿಲ್ಲಿ' ಅಂತ ರಸ್ತೆ ಮೇಲೇ ಇಷ್ಟು ದಪ್ಪಕ್ಕೆ ಬರೆದಿದೆ. ನೀವು ನಿಲ್ಲಿಸ್ಲೇ ಇಲ್ಲ. ಎರಡು ದಂಡದ ಅಂಕ."

"ಅಯ್ಯೋ, ನಿಲ್ಲಿಸಿದ್ದೆ ಸಾಹೇಬ್ರೆ!"

"ನಾನು ನೋಡ್ಲಿಲ್ಲ. ಒಪ್ಪಿಗೆ ಇಲ್ಲದಿದ್ರೆ ಈ ನೀಲಿ ಚೀಟಿಗೆ ಸಹಿ ಹಾಕ್ಬೇಡಿ, ಸಂಜೆ ನಾಲ್ಕಕ್ಕೆ ಠಾಣೆಗೆ ಬನ್ನಿ."

ಇಪ್ಪತ್ತೆರಡು ವರ್ಷಗಳಿಂದ ಒಂದು ಅಂಕವೂ ಬೀಳದ ಮಿನೆಗಿಶಿಯ ಲೈಸೆನ್ಸಿನ ಮೇಲೆ ಚಿನ್ನದ ಬಣ್ಣದ ಪಟ್ಟಿಯಿತ್ತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಊರಿನ ಶಿಶುವಿಹಾರದ ಬಸ್ಸು ಓಡಿಸುವ ಕೆಲಸ ಸಿಕ್ಕಿದ್ದೂ ಅದರಿಂದಲೇ. ಚಿನ್ನದ ಪಟ್ಟಿ ಇಲ್ಲದವರ ಕೈಗೆ ಮುಖ್ಯೋಪಾಧ್ಯಾಯಿನಿ ಬಸ್ಸಿನ ಬೀಗದಕೈ ಕೊಡುತ್ತಿರಲಿಲ್ಲ.

ಸುದ್ದಿ ಅವನಿಗಿಂತ ಮೊದಲು ಕ್ಷೌರಿಕ ಉಬುಕಾತನ ಅಂಗಡಿ ತಲುಪಿತ್ತು. ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಉಬುಕಾತ ಅಳತೆಪಟ್ಟಿ ಹಿಡಿದು ಬೀದಿಗಿಳಿದ.

"ಮಿನೆಗಿಶಿ-ಸಾನ್, ಈ ಯಂತ್ರದ ಹಿಂದೆ ನಿಂತ್ರೆ ಗಾಡಿ ನಿಲ್ಲಿಸೋ ಆ ಗೆರೆ ಕಾಣೋದೇ ಇಲ್ಲರೀ! ಗೆದ್ದಿರಿ ಬಿಡಿ. ಆಗ ಬೇರೆ ಯಾರಿದ್ರು?"

"ತೊಕಿಯೆ ಅಜ್ಜಿ ಇದ್ರು. ಪಾಪ, ಅವರಿಗ್ಯಾಕೆ ತೊಂದ್ರೆ..."

"ತೊಂದ್ರೆಯಂತೆ ತೊಂದ್ರೆ! ಕೆಲಸ ಹೋದ್ಮೇಲೆ ಮರ್ಯಾದೆ ಬೇಯಿಸ್ಕೊಂಡು ತಿಂತೀರಾ?"

ಎಂಬತ್ತಾರರ ತೊಕಿಯೆ ಅಜ್ಜಿ ಠಾಣೆಗೆ ಹೊರಟದ್ದು ಮದುವೆಮನೆಗೆ ಉಡುವ ಕಪ್ಪು ಕಿಮೊನೊ ಉಟ್ಟು. ಜೊತೆಗೆ ಪೊಲೀಸರಿಗೆಂದು ಒಂದು ಡಬ್ಬ ಅಕ್ಕಿಯ ಸಿಹಿ. ಕುಸಾಕಾಬೆ ಆ ಡಬ್ಬವನ್ನು ಎರಡು ಕೈಯಲ್ಲಿ ಹಿಂದಕ್ಕೆ ಸರಿಸಿ, "ನೋಡಿದ್ದನ್ನ ಹೇಳಿ ಅಜ್ಜಿ" ಎಂದ.

"ಹೇಳೋದೇನು, ಮಾಡೇ ತೋರಿಸ್ತೀವಿ" ಎಂದ ಉಬುಕಾತ.

ಕುರ್ಚಿಯೇ ಕಾರಾಯಿತು. ಮಿನೆಗಿಶಿ ಕೂತು, ಬ್ರೇಕ್ ಒತ್ತಿ, ಎದುರು ನಿಂತ ಅಜ್ಜಿಗೆ "ನೀವು ಮೊದಲು ಹೋಗಿ" ಎಂದು ಕೈ ತೋರಿದ. ಅಜ್ಜಿ ಬಗ್ಗಿ ನಮಸ್ಕರಿಸಿ, "ಛೆ ಛೆ, ಕೆಲಸಕ್ಕೆ ಹೋಗೋರು, ನೀವು ಮೊದಲು" ಎಂದಳು. ಅವನು ಬಗ್ಗಿದ. ಅವಳು ಇನ್ನೂ ಕೆಳಗೆ ಬಗ್ಗಿದಳು. ಅವನ ಹಣೆ ಇಲ್ಲದ ಸ್ಟೀರಿಂಗ್‌ಗೆ ತಾಗುವಷ್ಟಾಯಿತು. ಫೋನಿನಲ್ಲಿದ್ದವರು ಫೋನ್ ಇಟ್ಟರು, ಟೈಪ್ ಮಾಡುವವರ ಬೆರಳು ನಿಂತವು. ಗೋಡೆ ಗಡಿಯಾರದ ಪ್ರಕಾರ ಒಂದು ನಿಮಿಷ ಹತ್ತು ಸೆಕೆಂಡು ಈ ಬಗ್ಗಾಟ ನಡೆಯಿತು.

ಕುಸಾಕಾಬೆ ಎದ್ದು ನಿಂತು ಟೋಪಿ ತೆಗೆದ. ಅವನ ಕಣ್ಣು ತೇವವಾಗಿತ್ತು.

"ಹನ್ನೊಂದು ವರ್ಷದ ಸರ್ವಿಸಲ್ಲಿ ಯಾರೂ ಇಷ್ಟು ಹೊತ್ತು ನಿಲ್ಲಿಸಿದ್ದು ನಾನು ನೋಡಿಲ್ಲ. ತಪ್ಪು ನನ್ನದೇ. ಕ್ಷಮಿಸಿ." ನೀಲಿ ಚೀಟಿಯನ್ನು ಎಲ್ಲರೆದುರೇ ರದ್ದು ಮಾಡಿದ. ಉಬುಕಾತ ಚಪ್ಪಾಳೆ ತಟ್ಟಿದ. ಮಿನೆಗಿಶಿಗೆ ತನ್ನ ಬಗ್ಗೆ ತನಗೇ ಭಕ್ತಿ ಬಂದಂತಾಯಿತು.

"ಅಂದ ಹಾಗೆ ಅಜ್ಜಿ," ಕುಸಾಕಾಬೆ ಮೆಲ್ಲಗೆ ಕೇಳಿದ, "ನೀವು ನಿಂತಿದ್ದು ಎಲ್ಲಿ?"

"ಬಿಳಿ ಪಟ್ಟಿ ಮೇಲೆ, ಎಲ್ಲರೂ ರಸ್ತೆ ದಾಟೋ ಕಡೆ."

"ದಾಟೋಕಂತಲೇ?"

"ಇನ್ನೇನು ಮತ್ತೆ? ತೋಫು ತರ್ಬೇಕಿತ್ತು."

"ಕೊನೆಗೆ ಮೊದಲು ಹೋದೋರು?"

"ಇವರೇ! ನಾನೇ ಬಲವಂತ ಮಾಡಿ ಕಳಿಸ್ದೆ" ಎಂದಳು ಅಜ್ಜಿ ಹೆಮ್ಮೆಯಿಂದ.

ಕುಸಾಕಾಬೆ ಟೋಪಿ ಹಾಕಿಕೊಂಡು ಹೊಸ ನೀಲಿ ಚೀಟಿ ಎಳೆದುಕೊಂಡ.

"ದಾಟಲು ನಿಂತವರನ್ನು ಬಿಟ್ಟು ವಾಹನ ಮುಂದೆ ನಡೆಸಿದ್ದು. ಅವರೇ ಹೋಗಿ ಅಂದ್ರೂ ಹೋಗೋ ಹಾಗಿಲ್ಲ, ಮಿನೆಗಿಶಿ-ಸಾನ್. ಎರಡು ಅಂಕ."

ಕಾನೂನು ಇಷ್ಟು ಆಳವಾಗಿದೆಯೆಂದು ಮಿನೆಗಿಶಿಗೆ ಗೊತ್ತಿರಲಿಲ್ಲ. ಬೆರಗಾಗಿ, ಬಾಯಿ ತೆರೆದುಕೊಂಡೇ ಸಹಿ ಹಾಕಿದ.

"ನನ್ನಿಂದ ಏನಾದ್ರೂ ಉಪಯೋಗ ಆಯ್ತಾ ಸಾಹೇಬ್ರೆ?" ಎಂದು ಕೇಳಿದಳು ಅಜ್ಜಿ.

"ಬಹಳ ಉಪಯೋಗ ಆಯ್ತು ಅಜ್ಜಿ," ಎಂದ ಕುಸಾಕಾಬೆ. "ನೀವು ಬರದಿದ್ರೆ ಈ ಕೇಸು ನಿಲ್ತಾನೇ ಇರ್ಲಿಲ್ಲ."