ನಾದಿನಿ ಹೋಗದ ಎರಡು ಸೋಮವಾರ

ನನ್ನ ನಾದಿನಿಯನ್ನು ಯಾವ ಶುಭಕಾರ್ಯಕ್ಕೂ ಕರೆಯಬೇಡಿ! ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಕುಂಸಿಯ ನೆಂಟರೊಬ್ಬರು ಮಗಳ ನಿಶ್ಚಿತಾರ್ಥಕ್ಕೆ ಕರೆದು ಕೆಟ್ಟರು. ಹುಡುಗಿಯ ತಾಯಿ ಬೀಗರೆದುರು, "ಹೋಳಿಗೆ ಪೂರಾ ನಮ್ಮ ಹುಡುಗೀನೇ ಮಾಡಿದ್ದು" ಅಂದರು. ಇವಳು ಎಲೆಯಿಂದ ತಲೆ ಎತ್ತಿ, "ನಾನು ಬಂದಾಗ ಅಡುಗೆ ಭಟ್ಟರು ತಟ್ತಾ ಇದ್ರಲ್ಲ?" ಅಂದಳು! ಆ ತಾಯಿ ಹಲ್ಲು ಕಚ್ಚಿಕೊಂಡು, "ರುಚಿ ಹೇಗಿದೆ ಅಷ್ಟು ಹೇಳಮ್ಮ" ಅಂದರೆ, "ಒಂದು ತಿಂದು ಹೇಳೋಕಾಗಲ್ಲ, ಇನ್ನೆರಡು ಹಾಕಿ."

ಇವಳು ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ. ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ. ಎಷ್ಟು ವರ್ಷದಿಂದ ಅತಿಥಿ ಅಂದ್ರೆ, ಬೇರೆ ಯಾರ ಮನೆಯಲ್ಲಾದರೂ ಇಷ್ಟು ಹೊತ್ತಿಗೆ "ಇನ್ನು ಹೊರಡಿ ತಾಯಿ" ಅಂತ ಕೈಮುಗಿದಿರೋರು! ನಮ್ಮ ಮನೆ ಶಿವಮೊಗ್ಗದ ಕೋಟೆ ಹತ್ತಿರ. ಬಾಗಿಲು ದಾಟಿದರೆ ತುಂಗೆ. ಆದರೆ ಇವಳಿಗೆ ಭದ್ರೆಯೇ ಆಗಬೇಕು. ಪ್ರತಿ ಸೋಮವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಸೇತುವೆ ಕೆಳಗಿಳಿದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಬರೋದು, ಮರುದಿನ ಲ್ಯಾಬಿಗೆ ಒಯ್ಯೋವರೆಗೆ ನನ್ನ ಫ್ರಿಜ್ಜಲ್ಲಿ ತುರುಕೋದು. ಆ ಬಸ್ಸಿನ ಕಂಡಕ್ಟರ್ ಸಾಬರು ಮೊದಲೆಲ್ಲ "ಡೈರೆಕ್ಟ್ ಭದ್ರಾವತಿ" ಅಂತ ಕೂಗ್ತಿದ್ದರು. ನಿಂತ ನಿಂತ ಕಡೆಯೆಲ್ಲ ಇವಳು "ಇದು ಡೈರೆಕ್ಟಾ?" ಅಂತ ಪ್ರಾಣ ತಿಂದು, ಈಗ ಇವಳನ್ನು ಕಂಡ ಕೂಡಲೇ ಅವರೇ ಅಂತಾರೆ: "ಬನ್ನಿ ಮೇಡಂ, ಕೈ ತೋರಿಸಿದ ಕಡೆಯೆಲ್ಲ ನಿಲ್ಸ್ತೀನಿ. ಸುಳ್ಳು ಹೇಳಲ್ಲ."

ನಮ್ಮತ್ತೆ, ಪಾಪ, ಸತ್ಯನಾರಾಯಣ ಪೂಜೆ ದಿನ ಫ್ರಿಜ್ಜಲ್ಲಿದ್ದ ಒಂದು ಬಾಟಲಿ ಭದ್ರೆಯನ್ನು ಪವಿತ್ರ ಅಂತ ಕಲಶಕ್ಕೆ ಸುರಿದು, ಎಲ್ಲರಿಗೂ ತೀರ್ಥ ಕೊಡಿಸಿಬಿಟ್ಟರು. ಗೊತ್ತಾದ ಮೇಲೆ ಸುಮ್ಮನಿರಬಾರದಾ? ಹೇಗಿದ್ದರೂ ಎಲ್ಲರೂ ಕುಡಿದಾಗಿತ್ತು! ಮಗಳು ಎದ್ದು ನಿಂತು, ಆ ನೀರಲ್ಲಿ ಏನೇನಿದೆ, ಯಾವ ಯಾವ ಮೋರಿಯಿಂದ ಬಂದು ಸೇರತ್ತೆ ಅಂತ ಬಿಡಿಸಿ ಬಿಡಿಸಿ ಹೇಳಿದಳು. ಬಂದವರೆಲ್ಲ ಜಾಗ ಖಾಲಿ ಮಾಡಿದರು. ಸಜ್ಜಿಗೆ ಪ್ರಸಾದವನ್ನು ವಾರವಿಡೀ ನಾವೇ ತಿಂದೆವು.

ಇದೆಲ್ಲ ಹಾಳಾಗಿ ಹೋಗಲಿ. ಮೊನ್ನೆ ಮಾಡಿದ್ದು ಕೇಳಿ, ನಿಮಗೂ ಮೈ ಉರಿಯತ್ತೆ.

ಕಾಯಂ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ. ಇವಳ ಹೆಸರಲ್ಲೊಂದು ಪೇಪರ್ ಅಚ್ಚಾಗಿದ್ದರೆ ಸಾಕು, ಅರ್ಜಿ ಹಾಕಬಹುದು. ಇವಳೋ, ಒಂದು ಸಾಲು ಬರೆದು ಮೂರು ಸಾಲು ಹೊಡೆದುಹಾಕೋ ಜಾತಿ. ಕೊನೆಗೆ ಇವಳ ಗೈಡ್ ಬೇಸತ್ತು, ಇವಳ ನೀರಿನ ಅಂಕಿಗಳನ್ನೆಲ್ಲ ಎಐಗೆ ಕೊಟ್ಟರು. ಕಾಫಿ ಕುಡಿದು ಮುಗಿಸೋದರೊಳಗೆ ಪೇಪರ್ ಸಿದ್ಧ! ಇಂಗ್ಲಿಷ್ ಅಂದ್ರೆ ಇಂಗ್ಲಿಷ್! ನಮ್ಮ ಯಜಮಾನರು ತಂಗಿಗೆ ಕೆಲಸ ಸಿಕ್ಕೇಬಿಟ್ಟಿತು ಅಂತ ಮೈಸೂರು ಪಾಕ್ ತಂದರು. ಇವಳು ಊಟದ ಮೇಜಿನ ಮೇಲೆ ಪೇಪರ್ ಹರಡಿಕೊಂಡು ಓದಿದಳು. ಓದ್ತಾ ಓದ್ತಾ ಮುಖ ಕೆಂಪಾಯ್ತು. ಅಲ್ಲೇ ಗೈಡ್‌ಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

"ಸರ್, ಹೋದ ಮಳೆಗಾಲದಲ್ಲಿ ಎರಡು ಸೋಮವಾರ ನಾನು ಹೊಳೆಗೆ ಹೋಗಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೆ. ಇಲ್ಲಿ ಅಂಕಿ ತುಂಬಿದೆ! ಒಂದು ವಾರವೂ ತಪ್ಪದೆ ನೀರು ಸಂಗ್ರಹಿಸಿದ್ದೇವೆ ಅಂತ ಬೇರೆ ಬರೆದಿದೆ!"

"ಹಿಂದಿನ ವಾರ, ಮುಂದಿನ ವಾರ ನೋಡಿ ಅದೇ ತುಂಬಿದೆ ಕಣಮ್ಮ. ಎಲ್ಲರೂ ಮಾಡ್ತಾರೆ. ಹೊಳೆ ಏನು ಎದ್ದು ಬಂದು ಸಾಕ್ಷಿ ಹೇಳತ್ತಾ?"

"ಇಂಗ್ಲಿಷ್ ತಿದ್ದೋಕೆ ಬಳಸಿ ಸರ್, ಬಳಸಿದ್ದೀವಿ ಅಂತ ಒಂದು ಸಾಲು ಬರೀರಿ, ನನ್ನ ತಕರಾರಿಲ್ಲ. ಹೋಗದೇ ಇದ್ದಿದ್ದನ್ನ ಹೋಗಿದ್ದೆ ಅಂದ್ರೆ ಅದು ವಿಜ್ಞಾನನಾ? ಈ ಅಂಕಿ ನಂಬಿ ನಾಳೆ ಯಾರಾದರೂ ಆ ನೀರು ಕುಡೀತಾರೆ ಸರ್."

"ಈ ಪೇಪರ್ ಬಿಟ್ಟರೆ ಅರ್ಜಿಯೂ ಇಲ್ಲ, ಯೋಚನೆ ಮಾಡು."

"ಮಾಡಿದೆ. ಕಳಿಸಬೇಡಿ."

ಗೈಡ್ ಫೋನ್ ಕುಕ್ಕಿದರು. ಮುಗೀತಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಆ ಗೈಡ್ ಮೇಲೆ, ಆ ದರಿದ್ರ ಎಐ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಮಹಾತಾಯಿ ಮೇಲೆ. ಗೈಡ್ ಮಾಡಿದ್ದು ಸರಿ ಅಂತ ನಾನೂ ಹೇಳಲ್ಲ. ಕಂಡವರ ಬೆವರನ್ನು ಯಂತ್ರಕ್ಕೆ ಸುರಿದು, ಬಂದದ್ದಕ್ಕೆಲ್ಲ ಸಹಿ ಹಾಕೋರು ಎಂಥಾ ಮೇಷ್ಟ್ರು? ಆದರೆ ಈ ಊರಲ್ಲಿ ನೆಟ್ಟಗಿರೋ ಗುತ್ತಿಗೆ ಇವಳೊಬ್ಬಳೇ ಹಿಡಿದಿದ್ದಾಳಾ?

"ಅಲ್ಲ ಮಾರಾಯ್ತಿ," ಅಂತ ಕೂಗಿಬಿಟ್ಟೆ, "ಎರಡೇ ಎರಡು ವಾರ! ಅಷ್ಟಕ್ಕೆ ಜೀವಮಾನದ ಕೆಲಸ ಕಳ್ಕೋತೀಯಲ್ಲ, ನಿನಗೆ ತಲೆ ನೆಟ್ಟಗಿದೆಯಾ? ಸುಡುಗಾಡು ಬಿಸಿಲಲ್ಲೂ ಹೊಳೆ ತಪ್ಪಿಸದೋಳು, ಆ ಎರಡು ವಾರ ಎಲ್ಲಿ ಸತ್ತಿದ್ದೆ?"

ಅವಳು ಪೇಪರನ್ನು ಮಡಚಿಟ್ಟಳು.

"ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಹತ್ತಿರ ಕೂತಿದ್ದೆ, ಅತ್ತಿಗೆ."

ಹೋದ ಮಳೆಗಾಲದಲ್ಲಿ, ಏಳನೇ ತಿಂಗಳಿಗೇ ನನ್ನ ಮಗು ಹೋಯ್ತು. ನನಗೆ ಪ್ರಜ್ಞೆ ಇರಲಿಲ್ಲ. ಎಚ್ಚರವಾಗೋ ಹೊತ್ತಿಗೆ ಎಲ್ಲ ಮುಗಿಸಿ ಬಂದಿದ್ದರು. ಆಮೇಲಿನ ದಿನಗಳಲ್ಲಿ ಯಾವುದು ಸೋಮವಾರ, ಯಾವುದು ಭಾನುವಾರ ಅನ್ನೋದು ನನಗೆಲ್ಲಿ ಗೊತ್ತಿತ್ತು?

"ಮಗು ಹೋಗಿದ್ದು ಸೋಮವಾರ. ಆ ದಿನ ನಾನು ಹೊಳೆ ಹತ್ತಿರ ಇದ್ದೆ ಅಂತ ಇದರಲ್ಲಿ ಬರೆದುಬಿಟ್ಟಿದೆ ಅತ್ತಿಗೆ," ಅಂದಳು. "ಹಾಗಾದ್ರೆ ಮಗೂನ ಎತ್ಕೊಂಡಿದ್ದು ಯಾರು?"

ಇವಳು ಮಗುವನ್ನು ಎತ್ತಿಕೊಂಡಿದ್ದಳು ಅನ್ನೋದೇ ನನಗೆ ಗೊತ್ತಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ನನ್ನೆದುರು ತೆಗೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಅವಳ ಕೈ ಹಿಡಿದುಕೊಂಡು ಕೇಳಿದೆ.

"ಹೇಗಿತ್ತು?"

ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

"ಮೂಗು ನಿಮ್ಮದೇ. ತಲೆ ತುಂಬಾ ಕೂದಲಿತ್ತು. ಕಣ್ಣು ಯಾರ ಹಾಗಿತ್ತೋ ಗೊತ್ತಿಲ್ಲ ಅತ್ತಿಗೆ, ಮುಚ್ಚಿತ್ತು."

ಮಗು ಹೋದಾಗ ಎಷ್ಟು ಜನ ಬಂದು ಏನೇನೋ ಹೇಳಿ ಸಮಾಧಾನ ಮಾಡಿದ್ದರು. ನಾನು ನಂಬಿದ್ದು ಇವಳ ಈ ಮಾತೊಂದನ್ನೇ.